ಹಾಲು ಬದಲಿಸಿದರೆ ಊಟವೂ ಬದಲಾಗಬೇಕು

ಈ ಅಂಕಣದ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಮತ್ತೆ ಮತ್ತೆ ಕಾಣಿಸುತ್ತಿರುವುದು ಹಾಲಿನ ವಿಚಾರ. ‘ಬಾದಾಮಿ ಹಾಲು ಮೂಳೆಗೆ ಒಳ್ಳೆಯದಂತೆ, ನಿಜವೇ?’ ‘ಸಕ್ಕರೆ ಕಾಯಿಲೆ ಇರುವವರು ಓಟ್ಸ್ ಹಾಲು ಕುಡಿಯಬಹುದೇ?’ ‘ಮಗನಿಗೆ ಹಾಲು ಆಗಿಬರುವುದಿಲ್ಲ, ಸೋಯಾ ಕೊಡಲೇ?’ ‘ಮಗಳು ವೀಗನ್ ಆಗಿದ್ದಾಳೆ, ಅವಳಿಗೆ ಏನು ಅಡುಗೆ ಮಾಡಬೇಕೆಂದೇ ತಿಳಿಯುತ್ತಿಲ್ಲ.’ ಮೊದಲೆಲ್ಲ ಇಂಥ ಪ್ರಶ್ನೆಗಳು ಹೆಚ್ಚಾಗಿ ಬೆಂಗಳೂರಿನಿಂದ ಬರುತ್ತಿದ್ದವು. ಈಗ ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿಯಿಂದಲೂ ಬರುತ್ತಿವೆ. ಜಿಲ್ಲಾ ಕೇಂದ್ರಗಳ ಸೂಪರ್ ಮಾರ್ಕೆಟ್ಟಿನ ಕಪಾಟುಗಳಿಗೂ ಬಾದಾಮಿ, ಓಟ್ಸ್, ಸೋಯಾ ಹಾಲಿನ ಡಬ್ಬಿಗಳು ಬಂದಿವೆ. ಫೋನಿನಲ್ಲಿ ಒಂದು ವಿಡಿಯೊ ಹಸುವಿನ ಹಾಲನ್ನು ಅಮೃತ ಎನ್ನುತ್ತದೆ, ಮರುಗಳಿಗೆಯಲ್ಲೇ ಇನ್ನೊಂದು ವಿಷ ಎನ್ನುತ್ತದೆ. ಗೊಂದಲವಾಗದೆ ಇದ್ದೀತೇ?

ಎಲ್ಲರಿಗೂ ಬೇಕಾಗಿರುವುದು ‘ಯಾವುದು ಒಳ್ಳೆಯದು’ ಎಂಬುದಕ್ಕೆ ಒಂದೇ ಸಾಲಿನ ಉತ್ತರ. ನಾನು ಮಾತ್ರ ಅವರನ್ನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಹಾಲು ಯಾರಿಗಾಗಿ, ಏನು ಕೆಲಸ ಮಾಡುತ್ತಿದೆ? ಬೆಳಿಗ್ಗೆ ಬಾಗಿಲಿಗೆ ಬರುವ ಒಂದು ಪ್ಯಾಕೆಟ್ ಹಾಲು ಸಂಜೆಯೊಳಗೆ ಹಲವು ಕೆಲಸ ಮಾಡಿ ಮುಗಿಸುತ್ತದೆ. ಮಗುವಿಗೆ ಅದು ಪ್ರೊಟೀನು, ಅಜ್ಜಿಗೆ ಕ್ಯಾಲ್ಸಿಯಂ. ಮೊಟ್ಟೆ, ಮೀನು, ಮಾಂಸ ಮುಟ್ಟದ ಮನೆಯಲ್ಲಿ ಬಿ12 ಸಿಗುವ ದಾರಿ ಹೆಚ್ಚುಕಡಿಮೆ ಅದೊಂದೇ. ಯಜಮಾನರಿಗೆ ಬರೀ ಕಾಫಿಯ ಬಣ್ಣ. ಹೆಪ್ಪು ಹಾಕಿದರೆ ಊಟದ ಕೊನೆಯ ಮೊಸರನ್ನ. ಇಷ್ಟು ಕೆಲಸವನ್ನು ಬೇರೆ ಯಾವ ಒಂದು ಡಬ್ಬಿಯೂ ಒಂಟಿಯಾಗಿ ಮಾಡುವುದಿಲ್ಲ. ಹಾಗೆಂದು ಹಾಲಿಲ್ಲದೆ ಬದುಕಿಲ್ಲ ಎಂದೂ ಅಲ್ಲ. ಹಾಲು ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಗುರುತಿಸಿ, ಅದನ್ನು ಇನ್ನೊಂದಕ್ಕೆ ವಹಿಸಿಕೊಟ್ಟರೆ ಹಾಲು ಬಿಟ್ಟೂ ಆರೋಗ್ಯವಾಗಿ ಇರಬಹುದು. ವಹಿಸಿಕೊಡದೆ ಬಿಟ್ಟರೆ ಮಾತ್ರ ತೊಂದರೆ.

ಮೊದಲು ಲೋಟದಲ್ಲಿ ಏನಿದೆ ನೋಡೋಣ. ಇನ್ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ಆರೂವರೆ ಗ್ರಾಂ ಪ್ರೊಟೀನು, ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಮ್ಮೆ ಹಾಲಿನಲ್ಲಿ ಪ್ರೊಟೀನು ಇನ್ನೂ ಸ್ವಲ್ಪ ಹೆಚ್ಚು, ಕೊಬ್ಬು ಬಹಳ ಹೆಚ್ಚು. ಪ್ಯಾಕೆಟ್ ಹಾಲಿನಲ್ಲಿ ಕೊಬ್ಬಿನ ಲೆಕ್ಕ ನಿಗದಿಯಾಗಿರುತ್ತದೆ: ಟೋನ್ಡ್ ಹಾಲಿನಲ್ಲಿ ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1000 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ದಿನದ ಊಟಕ್ಕೆ ಹೇಳುವ ಮಾದರಿ ತಟ್ಟೆಯಲ್ಲಿ ಹಾಲು ಅಥವಾ ಮೊಸರಿಗೆ ಕೊಟ್ಟಿರುವ ಜಾಗ 300 ಮಿಲಿಲೀಟರ್. ಅಂದರೆ ಹಾಲು ಊಟದ ಒಂದು ಭಾಗ ಮಾತ್ರ, ಪೂರ್ತಿ ಊಟವಲ್ಲ. ಲೀಟರುಗಟ್ಟಲೆ ಕುಡಿಯಬೇಕೆಂದು ಯಾರೂ ಹೇಳಿಲ್ಲ.

ಈಗ ಸಸ್ಯಜನ್ಯ ಹಾಲುಗಳಿಗೆ ಬರೋಣ. ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಮಾತಾಡುವುದೇ ದೊಡ್ಡ ತಪ್ಪು. ಸಾಮಾನ್ಯವಾಗಿ ಸಿಗುವವುಗಳಲ್ಲಿ, ಪ್ರೊಟೀನಿನಲ್ಲಿ ಹಸುವಿನ ಹಾಲಿಗೆ ಸರಿಗಟ್ಟುವುದು ಸೋಯಾ ಒಂದೇ. ನೂರು ಮಿಲಿಲೀಟರಿಗೆ ಸುಮಾರು ಮೂರು ಗ್ರಾಂ ಪ್ರೊಟೀನು, ಅದೂ ದೇಹಕ್ಕೆ ಬೇಕಾದ ಎಲ್ಲ ಅಮೈನೊ ಆಮ್ಲಗಳಿರುವ ಪ್ರೊಟೀನು. ಓಟ್ಸ್ ಹಾಲಿನಲ್ಲಿ ಸುಮಾರು ಒಂದು ಗ್ರಾಂ. ಅಂಗಡಿಯ ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿನ ಆಸುಪಾಸು. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರೆ ಕಾರಣ ತಿಳಿಯುತ್ತದೆ: ಬಹುತೇಕ ಡಬ್ಬಿಗಳಲ್ಲಿ ಬಾದಾಮಿಯ ಪಾಲು ಶೇ ಎರಡರಿಂದ ಐದು, ಉಳಿದದ್ದು ನೀರು. ಒಂದು ಹಿಡಿ ಬಾದಾಮಿಯಲ್ಲಿ, ಅಂದರೆ ಸುಮಾರು 28 ಗ್ರಾಮಿನಲ್ಲಿ, ಆರು ಗ್ರಾಂ ಪ್ರೊಟೀನು ಇದೆ. ಇಡೀ ಒಂದು ಲೀಟರ್ ಬಾದಾಮಿ ಪಾನೀಯದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಪ್ರೊಟೀನಿಗಾಗಿ ಬಾದಾಮಿ ಹಾಲು ಕೊಳ್ಳುವವರಿಗೆ ನಾನು ಹೇಳುವುದು, ಬಾದಾಮಿಯನ್ನೇ ನೆನೆಸಿ ತಿನ್ನಿ ಎಂದು. ತೆಂಗಿನ ಹಾಲು ನಮ್ಮ ಪಾಯಸ, ಸಾರು, ಗಸಿಗಳಿಗೆ ರುಚಿ ಕೊಡುವಂಥದು. ಅದರಲ್ಲಿ ಮುಖ್ಯವಾಗಿ ಇರುವುದು ಕೊಬ್ಬು. ದಿನಾ ಲೋಟದಲ್ಲಿ ಕುಡಿಯುವ ಹಾಲಿಗೆ ಅದು ಬದಲಿಯಲ್ಲ.

ಓಟ್ಸ್ ಹಾಲಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಓಟ್ಸ್ ಅನ್ನು ನೀರಲ್ಲಿ ರುಬ್ಬಿ ಹಾಗೇ ಸೋಸಿದರೆ ಗಂಜಿಯಂತೆ ಲೋಳೆಯಾಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಕಿಣ್ವ ಹಾಕಿ ಪಿಷ್ಟವನ್ನು ಒಡೆಯುತ್ತಾರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ 1990ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಪಿಷ್ಟ ಒಡೆದಾಗ ಮಾಲ್ಟೋಸ್ ಎಂಬ ಸಕ್ಕರೆ ಹುಟ್ಟುತ್ತದೆ. ಹಾಗಾಗಿ ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಡಬ್ಬಿಯ ಓಟ್ಸ್ ಹಾಲೂ ಸಿಹಿಯಾಗಿಯೇ ಇರುತ್ತದೆ. ಮಾಲ್ಟೋಸ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು ‘ಓಟ್ಸ್’ ಎಂಬ ಹೆಸರನ್ನು ನಂಬಿ ಲೋಟ ತುಂಬಿಸಿಕೊಳ್ಳುವುದು ಸರಿಯಲ್ಲ. ಅವರಿಗೆ ಸಿಹಿ ಹಾಕದ ಸೋಯಾ ವಾಸಿ.

ಡಬ್ಬಿ ಕೊಳ್ಳುವವರು ಮೂರು ಸಾಲು ಓದುವ ಅಭ್ಯಾಸ ಮಾಡಿಕೊಂಡರೆ ಸಾಕು: ನೂರು ಮಿಲಿಲೀಟರಿಗೆ ಪ್ರೊಟೀನು ಎಷ್ಟು, ಸಕ್ಕರೆ ಎಷ್ಟು, ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ್ದಾರೋ ಇಲ್ಲವೋ. ಸೋಯಾ, ಬಾದಾಮಿ, ಓಟ್ಸ್ ಹಾಲುಗಳಲ್ಲಿ ಸಹಜವಾಗಿರುವ ಕ್ಯಾಲ್ಸಿಯಂ ಕಡಿಮೆ. ಒಳ್ಳೆಯ ಕಂಪನಿಗಳು ಅದನ್ನು ಬೇರೆಯಾಗಿ ಬೆರೆಸುತ್ತವೆ. ಬೆರೆಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ; ಪ್ರತಿ ಸಲ ಡಬ್ಬಿಯನ್ನು ಚೆನ್ನಾಗಿ ಕುಲುಕಿ ಬಗ್ಗಿಸಬೇಕು. ಪೂರ್ತಿ ಸಸ್ಯಮೂಲದ್ದೇ ಬೇಕೆನ್ನುವವರು ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟಿರುವ ವೀಗನ್ ಗುರುತನ್ನು ಹುಡುಕಲಿ: ಹಸಿರು ಚೌಕದೊಳಗೆ ‘ವಿ’ ಅಕ್ಷರ, ಅದರ ಮೇಲೊಂದು ಪುಟ್ಟ ಎಲೆ. ಇದು ಮುಖ್ಯ, ಏಕೆಂದರೆ ನಮ್ಮ ಬೇಕರಿ, ಮಿಲ್ಕ್ ಪಾರ್ಲರುಗಳಲ್ಲಿ ಬಾಟಲಿಯಲ್ಲಿ ಸಿಗುವ ಹಳದಿ ಬಣ್ಣದ ಬಾದಾಮಿ ಹಾಲು ಹಸುವಿನ ಹಾಲಿನಿಂದಲೇ ಮಾಡಿದ್ದು. ಹಾಲಿನ ಅಲರ್ಜಿ ಇರುವ ಮಗುವಿಗೆ ಅದನ್ನು ಕೊಟ್ಟರೆ ಅಪಾಯ.

ಜನ ಹಾಲು ಬಿಡಲು ಕೊಡುವ ಕಾರಣಗಳಲ್ಲಿ ಹೊಟ್ಟೆಯ ತೊಂದರೆಯೇ ಮೊದಲನೆಯದು. ನಮ್ಮಪ್ಪನಿಗೆ ಅರವತ್ತು ದಾಟಿದ ಮೇಲೆ ರಾತ್ರಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತಿತ್ತು, ಬೆಳಿಗ್ಗೆ ಭೇದಿಯಾಗುತ್ತಿತ್ತು. ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಿದ್ದರು. ಕೊನೆಗೆ ಊರಿನ ವೈದ್ಯರು ಕೆಲವು ದಿನ ಹಾಲು ನಿಲ್ಲಿಸಿ ನೋಡಿ ಎಂದರು. ನಿಲ್ಲಿಸಿದೊಡನೆ ತೊಂದರೆಯೂ ನಿಂತಿತು. ಆದರೆ ಮೊಸರನ್ನ ಬಿಡಲು ಅಪ್ಪ ಒಪ್ಪಲೇ ಇಲ್ಲ. ಬಿಡಬೇಕಾಗಿಯೂ ಬರಲಿಲ್ಲ, ಮೊಸರು, ಮಜ್ಜಿಗೆ ಅವರಿಗೆ ಚೆನ್ನಾಗಿಯೇ ಆಗಿಬಂದವು.

ಹೀಗೇಕೆ ಎಂದರೆ, ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, ನೂರು ಮಿಲಿಲೀಟರಿಗೆ ಐದು ಗ್ರಾಮಿನಷ್ಟು. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ತಾಯಿಯ ಹಾಲು ಕುಡಿಯುವ ವಯಸ್ಸಿನಲ್ಲಿ ಇದು ಎಲ್ಲರಲ್ಲೂ ಧಾರಾಳವಾಗಿರುತ್ತದೆ. ದೊಡ್ಡವರಾಗುತ್ತ ಜಗತ್ತಿನ ಹೆಚ್ಚು ಜನರಲ್ಲಿ ಕಡಿಮೆಯಾಗುತ್ತದೆ. ಭಾರತದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೀಗಾಗುವುದು ಹೆಚ್ಚು. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸುತ್ತವೆ. ಉಬ್ಬರ, ಗುಡುಗುಡು, ಭೇದಿ ಎಲ್ಲಕ್ಕೂ ಕಾರಣ ಅದೇ. ಮೊಸರಾಗುವಾಗ ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದು ಮುಗಿಸಿರುತ್ತವೆ. ನಾವು ತಿಂದ ಮೇಲೂ ಅವುಗಳ ಕಿಣ್ವ ಕರುಳಿನಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಹಾಲು ಆಗದ ಅನೇಕರಿಗೆ ಮೊಸರು ಆಗುತ್ತದೆ. ಲೋಟ ಹಾಲು ಆಗದವರಿಗೂ ಕಾಫಿಗೆ ಹಾಕುವಷ್ಟು ಹಾಲು, ಅಥವಾ ಊಟದ ಜೊತೆಗೆ ಸ್ವಲ್ಪ ಹಾಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಕಿಣ್ವ ಹಾಕಿ ಲ್ಯಾಕ್ಟೋಸನ್ನು ಮೊದಲೇ ಒಡೆದ ಹಾಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದು ಕೊಂಚ ಸಿಹಿ ಎನ್ನಿಸಬಹುದು, ಪೋಷಕಾಂಶ ಮಾತ್ರ ಹಾಲಿನದ್ದೇ. ಆದ್ದರಿಂದ ಹೊಟ್ಟೆಯ ಕಾರಣಕ್ಕೆ ಹಾಲು ಬಿಡಬೇಕೆಂದಿರುವವರು ದುಬಾರಿ ಡಬ್ಬಿಗೆ ಕೈಹಾಕುವ ಮೊದಲು ಮಜ್ಜಿಗೆಯನ್ನು ನೆನೆಯಿರಿ.

ಹಾಲಿನ ಅಲರ್ಜಿಯ ಮಾತೇ ಬೇರೆ. ಅದು ಸಕ್ಕರೆಗಲ್ಲ, ಹಾಲಿನ ಪ್ರೊಟೀನಿಗೆ ದೇಹ ತೋರುವ ಪ್ರತಿರೋಧ. ಹೆಚ್ಚಾಗಿ ಎಳೆಯ ಮಕ್ಕಳಲ್ಲಿ ಕಾಣುತ್ತದೆ, ಬಹಳಷ್ಟು ಮಕ್ಕಳು ಬೆಳೆಯುತ್ತ ಅದರಿಂದ ಹೊರಬರುತ್ತಾರೆ. ಮೈಮೇಲೆ ಗಂಧೆ ಏಳುವುದು, ತುಟಿ ಊದುವುದು, ವಾಂತಿ, ಉಸಿರಾಟಕ್ಕೆ ಕಷ್ಟ, ಇವೆಲ್ಲ ಅದರ ಲಕ್ಷಣಗಳು. ಅಂಥವರಿಗೆ ಮೊಸರೂ ಬೇಡ, ಪನೀರೂ ಬೇಡ, ಲ್ಯಾಕ್ಟೋಸ್ ತೆಗೆದ ಹಾಲೂ ಬೇಡ. ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರದೆ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಹಸುವಿನ ಹಾಲನ್ನೂ ಸಸ್ಯಜನ್ಯ ಹಾಲನ್ನೂ ಮುಖ್ಯ ಆಹಾರವಾಗಿ ಕೊಡುವಂತಿಲ್ಲ. ಒಂದರಿಂದ ಐದು ವರ್ಷದ ಮಕ್ಕಳಿಗೆ ಹಾಲು ಕೊಡದಿರಲು ವೈದ್ಯಕೀಯ ಕಾರಣವಿದ್ದರೆ, ಅಥವಾ ಮನೆಯವರೆಲ್ಲ ವೀಗನ್ ಆಗಿದ್ದರೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಸೇರಿಸಿದ, ಸಿಹಿ ಹಾಕದ ಸೋಯಾ ಹಾಲೊಂದನ್ನೇ ಬದಲಿಯಾಗಿ ಪರಿಗಣಿಸಬಹುದು. ಬಾದಾಮಿ, ಓಟ್ಸ್, ಅಕ್ಕಿ ಹಾಲುಗಳು ಆ ವಯಸ್ಸಿನ ಮಗುವಿನ ಹೊಟ್ಟೆ ತುಂಬಿಸುತ್ತವೆ, ಬೆಳವಣಿಗೆಗೆ ಬೇಕಾದ ಪ್ರೊಟೀನನ್ನು ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾಗಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ತಲಾ 150 ಮಿಲಿಲೀಟರ್ ಹಾಲು ಸಿಗುವಂತಾಯಿತು. ಮನೆಯಲ್ಲಿ ಲೋಟ ಹಾಲು ಕಾಣದ ಎಷ್ಟೋ ಮಕ್ಕಳಿಗೆ ಅದು ದಿನದ ಒಳ್ಳೆಯ ಪ್ರೊಟೀನು. ದೊಡ್ಡವರ ತಾತ್ವಿಕ ಚರ್ಚೆ ಏನೇ ಇರಲಿ, ಆ ಲೋಟವನ್ನು ಅಷ್ಟೇ ಪೌಷ್ಟಿಕವಾದ ಇನ್ನೊಂದನ್ನು ಇಡದೆ ತೆಗೆಯಬಾರದು.

ದೊಡ್ಡವರು ಹಾಲು ಬಿಟ್ಟರೆ ಏನು ಮಾಡಬೇಕು? ಇಲ್ಲೇ ನನ್ನ ಮಾತಿನ ತಿರುಳಿರುವುದು. ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಳು. ಕಾಫಿಗೆ ಓಟ್ಸ್ ಹಾಲು ಬಂತು, ಉಳಿದ ಊಟ ಹಾಗೇ ಇತ್ತು: ಅನ್ನ, ಸಾರು, ಒಂದಿಷ್ಟು ಪಲ್ಯ. ಕೆಲವು ತಿಂಗಳಲ್ಲಿ ಸುಸ್ತು, ಕೈಕಾಲು ಜೋಮು. ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತೀರಾ ಕೆಳಗಿಳಿದಿತ್ತು. ‘ಚಿಕ್ಕಮ್ಮಾ, ಮತ್ತೆ ಹಾಲು ಕುಡಿ ಅಂತ ಮಾತ್ರ ಹೇಳಬೇಡಿ’ ಎಂದಳು. ನಾನು ಹೇಳಲಿಲ್ಲ. ಅವಳು ಬಿಟ್ಟದ್ದು ಹಸುಗಳ ಮೇಲಿನ ಕರುಣೆಯಿಂದ, ಅದನ್ನು ಗೌರವಿಸುತ್ತೇನೆ. ‘ಹಾಲು ಬಿಟ್ಟಿದ್ದೀಯ ಸರಿ, ಅದು ಕೊಡುತ್ತಿದ್ದುದನ್ನು ಬೇರೆ ಎಲ್ಲಿಂದ ತಗೊಳ್ತೀಯ ಅಂತ ಬರೆದುಕೊಂಡು ಬಾ’ ಎಂದೆ. ನಂತರ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಬಿ12 ಲೆಕ್ಕ ಸುಲಭ: ನಾವು ತಿನ್ನುವ ಕಾಳು, ಸೊಪ್ಪು, ತರಕಾರಿ ಯಾವುದರಲ್ಲೂ ನಂಬಬಹುದಾದಷ್ಟು ಬಿ12 ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸ ಯಾವುದನ್ನೂ ಮುಟ್ಟದವರು ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ರಾಜಿಯಿಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ನಾವು ಕನ್ನಡಿಗರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಹತ್ತಿರವೂ ಸುಳಿಯುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರಲ್ಲಿ ಸ್ವಲ್ಪವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ, ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ ಆ ಅಡ್ಡಿ ಕಡಿಮೆಯಾಗುತ್ತದೆ. ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರು ಮಿಲಿಗ್ರಾಂ ಮೀರಿ ಸಿಗುತ್ತದೆ. ನುಗ್ಗೆಸೊಪ್ಪು, ಹುರುಳಿ ಕೂಡ ಈ ಲೆಕ್ಕಕ್ಕೆ ಸೇರುತ್ತವೆ. ಪ್ರೊಟೀನಿಗೆ ಬೇಳೆಕಾಳು, ಕಡಲೆಕಾಯಿ, ಸೋಯಾ. ಈಗ ಅವಳ ಮನೆಯಲ್ಲಿ ವಾರದಲ್ಲಿ ಹಲವು ದಿನ ಮುದ್ದೆ, ಹುರುಳಿಸಾರು ಆಗುತ್ತದೆ, ಚಟ್ನಿಪುಡಿಗೆ ಎಳ್ಳು ಬೀಳುತ್ತದೆ. ಬಿ12 ಮಾತ್ರೆಯೂ ತಪ್ಪುವುದಿಲ್ಲ. ಜೋಮು ಹೋಗಿದೆ. ಓಟ್ಸ್ ಹಾಲು ಕಾಫಿಗೆ ಎಷ್ಟು ಬೇಕೋ ಅಷ್ಟೇ.

ಕಾಫಿಯ ಮಾತು ಬಂದದ್ದರಿಂದ ಅಡುಗೆಮನೆಯ ಒಂದೆರಡು ವಿಚಾರ. ಬಿಸಿ ಡಿಕಾಕ್ಷನ್ನಿಗೆ ತಣ್ಣಗಿನ ಸೋಯಾ ಅಥವಾ ಬಾದಾಮಿ ಹಾಲು ಹೊಯ್ದರೆ ಒಡೆದ ಹಾಲಿನಂತೆ ಗಸಿಗಸಿಯಾಗುತ್ತದೆ. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಸೇರಿ ಪ್ರೊಟೀನನ್ನು ಗಟ್ಟಿಯಾಗಿಸುವುದೇ ಇದಕ್ಕೆ ಕಾರಣ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಬೆರೆಸಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಕಾಫಿಗೆಂದೇ ಮಾರುವ ಓಟ್ಸ್ ಹಾಲುಗಳಲ್ಲಿ ಎಣ್ಣೆಯನ್ನೂ ಹುಳಿ ತಡೆಯುವ ಲವಣವನ್ನೂ ಸೇರಿಸಿರುತ್ತಾರೆ. ಅದಕ್ಕೇ ಅವು ಒಡೆಯುವುದಿಲ್ಲ, ನೊರೆಯೂ ಬರುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ನೆನಪಿಡಬೇಕಾದ್ದು ಇನ್ನೊಂದಿದೆ: ಕಾಫಿಯಾಗಲಿ, ಸೋಯಾ ಆಗಲಿ, ಹಾಲಾಗಲಿ ಮಾತ್ರೆ ದೇಹಕ್ಕೆ ಹಿಡಿಯುವುದನ್ನು ಕುಗ್ಗಿಸಬಹುದು. ಮಾತ್ರೆಯನ್ನು ಬರಿ ನೀರಿನಲ್ಲಿ ನುಂಗಿ, ವೈದ್ಯರು ಹೇಳಿದಷ್ಟು ಹೊತ್ತು ಬಿಟ್ಟು ಕಾಫಿ ಕುಡಿಯಿರಿ.

ಸೋಯಾ ಹಾಲನ್ನು ಮನೆಯಲ್ಲೇ ಮಾಡಬಹುದು, ನಾನೂ ಮಾಡುತ್ತೇನೆ. ಸೋಯಾ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ಬಿಸಿನೀರು ಹಾಕಿ ನುಣ್ಣಗೆ ರುಬ್ಬಿ ತೆಳುಬಟ್ಟೆಯಲ್ಲಿ ಸೋಸಬೇಕು. ಬಿಸಿನೀರಿನಲ್ಲಿ ರುಬ್ಬಿದರೆ ಹಸಿಕಾಳಿನ ವಾಸನೆ ಕಡಿಮೆ. ನಂತರ ಕುದಿ ಬಂದ ಮೇಲೂ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕೈಯಾಡಿಸುತ್ತ ಕಾಯಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೊಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ, ಅದು ನಾಶವಾಗುವುದು ಚೆನ್ನಾಗಿ ಕಾಯಿಸಿದಾಗಲೇ. ಉಳಿದ ಚರಟವನ್ನು ರೊಟ್ಟಿಯ ಹಿಟ್ಟಿಗೆ ಕಲೆಸಬಹುದು. ಮನೆಯ ಸೋಯಾ ಹಾಲಿನಲ್ಲಿ ಪ್ರೊಟೀನು ಚೆನ್ನಾಗಿರುತ್ತದೆ, ಸೇರಿಸಿದ ಕ್ಯಾಲ್ಸಿಯಂ ಮತ್ತು ಬಿ12 ಮಾತ್ರ ಇರುವುದಿಲ್ಲ ಎಂಬುದು ಗಮನದಲ್ಲಿರಲಿ.

ಪರಿಸರದ ಕಾರಣಕ್ಕೆ ಹಾಲು ಬಿಡುವವರ ವಾದದಲ್ಲಿ ಹುರುಳಿದೆ. ಆಕ್ಸ್‌ಫರ್ಡ್‌ನ ಜೋಸೆಫ್ ಪೂರ್ ಮತ್ತು ಸ್ವಿಟ್ಜರ್ಲೆಂಡ್‌ನ ಥಾಮಸ್ ನೆಮೆಚೆಕ್ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಲೀಟರ್ ಹಸುವಿನ ಹಾಲಿನಿಂದ ಜಾಗತಿಕ ಸರಾಸರಿ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಸೋಯಾ, ಓಟ್ಸ್, ಬಾದಾಮಿ ಹಾಲುಗಳಲ್ಲಿ ಅದು ಒಂದು ಕಿಲೋ ಅಥವಾ ಅದಕ್ಕಿಂತ ಕಡಿಮೆ. ನೀರಿನ ಲೆಕ್ಕ ಇನ್ನೂ ವ್ಯತ್ಯಾಸದ್ದು: ಹಸುವಿನ ಹಾಲಿಗೆ 628 ಲೀಟರ್, ಬಾದಾಮಿಗೆ 371, ಓಟ್ಸಿಗೆ 48, ಸೋಯಾಕ್ಕೆ 28. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ 80ರಷ್ಟು ಬೆಳೆಯುವುದು ಪದೇ ಪದೇ ಬರ ಕಾಣುವ ಕ್ಯಾಲಿಫೋರ್ನಿಯಾದಲ್ಲಿ. ಪರಿಸರದ ಕಾಳಜಿಯಿಂದ ಬದಲಾಯಿಸುವವರು ಬಾದಾಮಿಯನ್ನು ಬಿಟ್ಟು ಸೋಯಾ ಹಿಡಿಯುವುದು ಹೆಚ್ಚು ಅರ್ಥಪೂರ್ಣ.

ಆದರೆ ಜಾಗತಿಕ ಸರಾಸರಿ ನಮ್ಮ ಹಟ್ಟಿಯ ಪೂರ್ತಿ ಚಿತ್ರ ಕೊಡುವುದಿಲ್ಲ. ನಾನು ಹುಟ್ಟಿದ್ದು ಹಾಸನ ಜಿಲ್ಲೆಯ ಹಳ್ಳಿಯಲ್ಲಿ. ಅಲ್ಲಿ ನಮ್ಮ ಅತ್ತಿಗೆ ಈಗಲೂ ಸೀಮೆಹಸು ಕಟ್ಟಿದ್ದಾರೆ. ಅವು ತಿನ್ನುವುದು ರಾಗಿಹುಲ್ಲು, ಬದುವಿನ ಹಸಿಹುಲ್ಲು, ಜೋಳದ ಕಡ್ಡಿ, ಮೇಲಿಷ್ಟು ಹಿಂಡಿ-ಬೂಸ. ಮನುಷ್ಯರು ತಿನ್ನಲಾಗದ್ದನ್ನು ಆ ಹಸುಗಳು ಹಾಲು ಮಾಡಿಕೊಡುತ್ತವೆ, ಸಗಣಿ ಗದ್ದೆಗೆ ಹೋಗುತ್ತದೆ. ಇನ್ನೊಂದು ಬದಿಯೂ ಇದೆ: ಕಡಿಮೆ ಹಾಲು ಕೊಡುವ ಹಸು ಹೊರಬಿಡುವ ಮೀಥೇನ್ ಅನ್ನು ಲೀಟರಿಗೆ ಹಂಚಿದರೆ ಪ್ರಮಾಣ ಹೆಚ್ಚೇ ಬರುತ್ತದೆ. ಹಸು ವರ್ಷ ವರ್ಷ ಕರು ಹಾಕಿದರಷ್ಟೇ ಹಾಲು, ಹುಟ್ಟಿದ ಗಂಡುಕರುವಿಗೆ ಟ್ರ್ಯಾಕ್ಟರಿನ ಕಾಲದಲ್ಲಿ ಕೆಲಸವಿಲ್ಲ. ಆ ಕರುವಿನ ಗತಿ ಏನು ಎಂದು ಕೇಳುವ ನಮ್ಮ ಅಕ್ಕನ ಮಗಳ ಪ್ರಶ್ನೆ ನ್ಯಾಯವಾದದ್ದು. ಹಾಲು ಕುಡಿಯುವ ನಾವೆಲ್ಲ ಆ ಪ್ರಶ್ನೆಯನ್ನು ಎದುರಿಸಬೇಕು.

ಹಾಗೆಯೇ ಹಾಲು ಬಿಡುವವರೂ ನೋಡಬೇಕಾದ ಒಂದು ಸಂಗತಿಯಿದೆ. ಭಾರತ 1998ರಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ. ಆ ಹಾಲಿನ ಬಹುಪಾಲು ಬರುವುದು ಎರಡು ಮೂರು ರಾಸು ಕಟ್ಟಿದ ಸಣ್ಣ ರೈತರಿಂದ. ಕರ್ನಾಟಕ ಹಾಲು ಮಹಾಮಂಡಳದ ದಿನದ ಸಂಗ್ರಹ 2024ರಲ್ಲಿ ಒಂದು ಕೋಟಿ ಲೀಟರ್ ದಾಟಿತು. ನಮ್ಮೂರ ಡೇರಿಯ ಮುಂದೆ ಬೆಳಿಗ್ಗೆ ಸಾಲು ನಿಲ್ಲುವವರಲ್ಲಿ ಹೆಂಗಸರೇ ಹೆಚ್ಚು. ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು ಎಂದು ನೋಡಿ ಪುಸ್ತಕದಲ್ಲಿ ಬರೆಸಿಕೊಂಡು ಹೋಗುತ್ತಾರೆ. ಬೆಳೆ ಕೈಕೊಟ್ಟ ವರ್ಷವೂ ತಪ್ಪದೆ ಬರುವ ದುಡ್ಡು ಅದೊಂದೇ. ಲೀಟರಿಗೆ ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಸೇರಿ ಕೈಗೆ ಬಂದದ್ದರಲ್ಲಿ ಮಕ್ಕಳ ಫೀಸು, ಸಂಘದ ಕಂತು ಎಲ್ಲ ನಡೆಯಬೇಕು. ‘ಹಿಂಡಿ ಮೂಟೆಗೆ ರೇಟು ಏರಿದಂಗೆ ಹಾಲಿಗೆ ಏರಲ್ಲ’ ಎಂದು ಅತ್ತಿಗೆ ಹೇಳುವುದರಲ್ಲಿ ಸುಳ್ಳಿಲ್ಲ.

ಬೆಲೆಯ ವಿಚಾರ ಮರೆಯುವಂತಿಲ್ಲ. ಒಂದು ಲೀಟರ್ ಓಟ್ಸ್ ಅಥವಾ ಬಾದಾಮಿ ಹಾಲಿನ ದುಡ್ಡಿಗೆ ನಾಲ್ಕೈದು ಲೀಟರ್ ನಂದಿನಿ ಹಾಲು ಬರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸಸ್ಯಜನ್ಯ ಹಾಲಿನ ಪಾನೀಯಗಳ ಜಿಎಸ್‌ಟಿ ಶೇ 18ರಿಂದ 5ಕ್ಕೂ, ಸೋಯಾ ಹಾಲಿನದು ಶೇ 12ರಿಂದ 5ಕ್ಕೂ ಇಳಿದಿದೆ. ಇಳಿದರೂ ಸಾಮಾನ್ಯ ಸಂಬಳದ ಮನೆಗೆ ಅದು ದುಬಾರಿಯೇ. ನನಗೆ ಅರ್ಥವಾಗದಿರುವುದು ಒಂದು: ಬೀದರಿನಲ್ಲಿ ಸೋಯಾ, ಚಿತ್ರದುರ್ಗದಲ್ಲಿ ಕಡಲೆಕಾಯಿ, ತುಮಕೂರಿನಲ್ಲಿ ತೆಂಗು, ಊರೂರಲ್ಲಿ ರಾಗಿ ಬೆಳೆಯುವ ನಾಡಿನಲ್ಲಿ ನಾವು ಕ್ಯಾಲಿಫೋರ್ನಿಯಾದ ಬಾದಾಮಿಗೂ ಆಸ್ಟ್ರೇಲಿಯಾದ ಓಟ್ಸಿಗೂ ಯಾಕೆ ಕಾದು ಕೂರಬೇಕು? ನಮ್ಮ ಕಾಳಿನಿಂದ ಕ್ಯಾಲ್ಸಿಯಂ, ಬಿ12 ಸೇರಿಸಿದ ಅಗ್ಗದ ಹಾಲನ್ನು ಇಲ್ಲಿಯ ರೈತ ಉತ್ಪಾದಕ ಸಂಸ್ಥೆಗಳೋ ಸಹಕಾರ ಸಂಘಗಳೋ ಮಾಡಿ ಮಾರಿದರೆ ಹಾಲು ಆಗದವರಿಗೂ, ಬಿಟ್ಟವರಿಗೂ, ಬೆಳೆಗಾರರಿಗೂ ಒಳ್ಳೆಯದಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಮಾನ ಇದು. ಹಾಲು ಮೈಗೆ ಒಗ್ಗುತ್ತಿದೆ, ಮನಸ್ಸಿಗೂ ಅಡ್ಡಿಯಿಲ್ಲ ಎನ್ನುವವರು ಬಿಡಬೇಕಾಗಿಲ್ಲ. ದಿನಕ್ಕೆ ಒಂದೂವರೆ ಲೋಟದಷ್ಟು ಹಾಲು-ಮೊಸರು ಸಾಕು, ಚೆಲ್ಲದೆ ಬಳಸಿ. ಹಾಲು ಹೊಟ್ಟೆಗೆ ಆಗದವರು ಮೊದಲು ಮೊಸರು, ಮಜ್ಜಿಗೆಗೆ ಬದಲಾಯಿಸಿ ನೋಡಿ. ಅಲರ್ಜಿ ಇರುವವರು, ಪರಿಸರ ಅಥವಾ ಪ್ರಾಣಿದಯೆಯ ಕಾರಣಕ್ಕೆ ಪೂರ್ತಿ ಬಿಡುವವರು ಸಿಹಿ ಹಾಕದ, ಪೋಷಕಾಂಶ ಸೇರಿಸಿದ ಸೋಯಾವನ್ನು ಆರಿಸಿಕೊಳ್ಳಿ. ಜೊತೆಗೆ ರಾಗಿ, ಎಳ್ಳು, ಸೊಪ್ಪು, ಕಾಳುಗಳನ್ನು ತಟ್ಟೆಗೆ ಹೆಚ್ಚು ತನ್ನಿ, ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ. ಬಾದಾಮಿ, ಓಟ್ಸ್ ಹಾಲು ರುಚಿಗೆ ಇರಲಿ, ಅವನ್ನು ಪೋಷಣೆಗೆ ನೆಚ್ಚಿಕೊಳ್ಳಬೇಡಿ. ಮನೆಯಲ್ಲಿ ಮಕ್ಕಳು ಹಾಲು ಬಿಡುತ್ತೇನೆಂದರೆ ಜಗಳಕ್ಕೆ ನಿಲ್ಲದೆ ಅವರ ಜೊತೆ ಕೂತು ಆ ಲೆಕ್ಕ ಬರೆಯಿರಿ. ಯಾವ ಹಾಲನ್ನೇ ಆರಿಸಿಕೊಳ್ಳಿ, ಡಬ್ಬಿಯ ಮುಂದಿನ ದೊಡ್ಡಕ್ಷರವನ್ನು ಬಿಟ್ಟು ಹಿಂದಿನ ಸಣ್ಣಕ್ಷರವನ್ನು ಓದಿ ಆರಿಸಿಕೊಳ್ಳಿ.